ಗಿಟಾರಿನ ನಾದವೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣವೂ

ವಾಲ್ವುಗಳ ಬಲದಿಂದ ನಡೆಯುವ ಗಿಟಾರ್ ಆಂಪ್ಲಿಫೈಯರುಗಳನ್ನು ಮೆಚ್ಚಿಕೊಂಡಿರುವ ವಾದಕರಲ್ಲಿ, ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ತೆಗೆದು ಅದರ ಸ್ಥಾನದಲ್ಲಿ ಮತ್ತೊಂದನ್ನು ಕೂರಿಸಿದರೆ ನಾದವೇ ಬೇರೆಯಾಗುವುದೆಂಬ ನಂಬಿಕೆ ಬಹುಕಾಲದಿಂದ ಬೇರೂರಿಕೊಂಡಿದೆ. ಈ ನಂಬಿಕೆಯನ್ನಾಶ್ರಯಿಸಿ ಒಂದು ವ್ಯಾಪಾರವೂ ಬೆಳೆದಿದೆ. ಅರವತ್ತು ಎಪ್ಪತ್ತು ವರ್ಷಗಳ ಹಿಂದಿನ ಅಮೆರಿಕದ ಹಾಗೂ ಇಂಗ್ಲೆಂಡಿನ ಟ್ರಾನ್ಸ್‌ಫಾರ್ಮರುಗಳನ್ನು ಪದರ ಪದರವಾಗಿ ಬಿಡಿಸಿ, ತಂತಿಯ ಸುತ್ತುಗಳನ್ನೆಣಿಸಿ, ನಡುವಣ ಕಾಗದದ ದಪ್ಪವನ್ನಳೆದು, ಅವುಗಳ ಪಡಿಯಚ್ಚುಗಳನ್ನು ತಯಾರಿಸಿ ಮಾರುವವರು ಇಂದು ಹಲವರು. ಆ ಸರಕುಗಳ ಪ್ರಶಂಸೆಯಲ್ಲಿ ಬರುವ ಬೆಚ್ಚನೆಯ, ತುಂಬಿದ, ಉಸಿರಾಡುವ ಎಂಬ ವಿಶೇಷಣಗಳು ಕಿವಿಗೆ ಹಿತವಾದರೂ ವಿಚಾರದ ಕೈಗೆ ಸಿಕ್ಕುವಂಥವಲ್ಲ. ಟ್ರಾನ್ಸ್‌ಫಾರ್ಮರು ನಾದವನ್ನು ಮುಟ್ಟುವುದು ನಿಜ. ಕೆಲವೆಡೆ ಬಲವಾಗಿಯೇ ಮುಟ್ಟುತ್ತದೆ. ಆದರೆ ಹಾಗೆ ಮುಟ್ಟುವುದಕ್ಕೆ ಅದಕ್ಕಿರುವ ದಾರಿಗಳು ಕೆಲವೇ, ಅವೂ ಅಳತೆಗೆ ಸಿಕ್ಕುವಂಥವು. ಕಬ್ಬಿಣದ ಮಹಿಮೆಯೆಂದು ಕೊಂಡಾಡುವ ಗುಣಗಳಲ್ಲಿ ಬಹುಪಾಲು, ಅದನ್ನು ಬದಲಿಸುವಾಗ ಅದರೊಡನೆ ಸದ್ದಿಲ್ಲದೆ ಬದಲಾದ ಬೇರೆ ಸಂಗತಿಗಳ ಫಲವೆಂಬುದು ನನ್ನ ಅಭಿಪ್ರಾಯ.

ನಾದದ ಮಾತಿಗೆ ಬರುವ ಟ್ರಾನ್ಸ್‌ಫಾರ್ಮರುಗಳು ಎರಡು: ಮನೆಯ ವಿದ್ಯುತ್ತನ್ನು ವಾಲ್ವುಗಳಿಗೆ ಬೇಕಾದ ಮುನ್ನೂರು ನಾನೂರು ವೋಲ್ಟುಗಳಿಗೆ ಏರಿಸಿಕೊಡುವ ಪವರ್ ಟ್ರಾನ್ಸ್‌ಫಾರ್ಮರು ಒಂದು, ವಾಲ್ವುಗಳಿಂದ ಹೊರಟ ಶಕ್ತಿಯನ್ನು ಸ್ಪೀಕರಿಗೆ ಒಪ್ಪಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಇನ್ನೊಂದು. ವಿವಾದವೆಲ್ಲ ಹೆಚ್ಚಾಗಿ ಎರಡನೆಯದರ ಸುತ್ತ. ವಾಲ್ವಿಗೆ ವೋಲ್ಟೇಜು ಹೆಚ್ಚು, ಕರೆಂಟು ಕಡಮೆ. ಸ್ಪೀಕರಿಗೆ ಬೇಕಾದುದು ಇದಕ್ಕೆ ತೀರ ವಿರುದ್ಧ. ಈ ಎರಡು ಸ್ವಭಾವಗಳ ನಡುವೆ ಸಂಧಾನ ಮಾಡಿಸುವುದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಾರ್ಯ. 8 ಓಂ ಸ್ಪೀಕರನ್ನು ವಾಲ್ವುಗಳಿಗೆ 4,000 ಓಂ ಹೊರೆಯಾಗಿ ತೋರಿಸಬೇಕಾದರೆ ಹೊರೆಗಳ ಅನುಪಾತ 500 ಆಗಬೇಕು. ಸುತ್ತುಗಳ ಅನುಪಾತ ಅದರ ವರ್ಗಮೂಲವಾದ 22.4ರಷ್ಟಿರಬೇಕು. ವಾಲ್ವುಗಳು ಎಷ್ಟು ಶಕ್ತಿಯನ್ನು ಕೊಡಬಲ್ಲವು, ಯಾವ ಹಂತದಲ್ಲಿ ದಣಿದು ಅಲೆಯ ನೆತ್ತಿಯನ್ನು ಚಪ್ಪಟೆ ಮಾಡುತ್ತವೆ, ಆ ವಿಕೃತಿ ಮೃದುವೋ ಕಟುವೋ ಎಂಬುದನ್ನೆಲ್ಲ ಈ ಹೊರೆಯ ಅಂಕೆ ಬಹುಮಟ್ಟಿಗೆ ನಿರ್ಧರಿಸುತ್ತದೆ. ಇನ್ನು ವಾಲ್ವುಗಳ ಕಡೆಯ ಪ್ರೈಮರಿ ಸುರುಳಿಯ ಪ್ರೇರಕತೆ ಸಾಲದೆ ಹೋದರೆ ಮಂದ್ರಸ್ವರಗಳು ಸೊರಗುತ್ತವೆ. ಪ್ರೈಮರಿಯನ್ನೂ ಸ್ಪೀಕರಿನ ಕಡೆಯ ಸೆಕೆಂಡರಿಯನ್ನೂ ಪದರಗಳಾಗಿ ಒಂದರೊಳಗೊಂದು ಹೆಣೆಯದೆ ಬೇರೆ ಬೇರೆಯಾಗಿ ಸುತ್ತಿದರೆ, ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಪೂರ್ತಿಯಾಗಿ ಮುಟ್ಟದೆ ಸೋರಿಹೋಗಿ, ತಾರಸ್ವರಗಳ ಅಂಚು ಮೊಂಡಾಗುತ್ತದೆ. ನಾದವೆಂಬ ಪದದಿಂದ ನಾವು ಸೂಚಿಸುವುದರಲ್ಲಿ ಟ್ರಾನ್ಸ್‌ಫಾರ್ಮರಿನ ಪಾಲು, ತಿರುಳಿನ ಕಬ್ಬಿಣದ ವಿಚಾರವೊಂದನ್ನು ಬಿಟ್ಟರೆ, ಇಲ್ಲಿಗೆ ಮುಗಿಯಿತು.

ಟ್ರಾನ್ಸ್‌ಫಾರ್ಮರು ಬದಲಿಸುವ ಪದ್ಧತಿಯನ್ನು ತೂಗಿ ನೋಡುವುದಕ್ಕೆ ಚರಿತ್ರೆಯೇ ಒದಗಿಸಿಕೊಟ್ಟ ನಿದರ್ಶನವೊಂದಿದೆ. ಅಮೆರಿಕದ ಫೆಂಡರ್ ಸಂಸ್ಥೆ 1958ರಿಂದ 1960ರವರೆಗೆ ತಯಾರಿಸಿದ, 5ಎಫ್6-ಎ ಎಂಬ ಸಂಕೇತವುಳ್ಳ ಬ್ಯಾಸ್‌ಮನ್ ಆಂಪ್ಲಿಫೈಯರು ಬ್ಯಾಸ್ ಗಿಟಾರಿಗಾಗಿ ಹುಟ್ಟಿದುದಾದರೂ ಗಿಟಾರ್ ವಾದಕರ ಕೈಗೆ ಸಿಕ್ಕಿ ಅವರದೇ ಆಗಿಹೋಯಿತು. 1962ರಲ್ಲಿ, ಲಂಡನ್ನಿನ ಪಶ್ಚಿಮ ಭಾಗದ ಹ್ಯಾನ್ವೆಲ್‌ನಲ್ಲಿ ವಾದ್ಯಗಳ ಅಂಗಡಿಯನ್ನಿಟ್ಟುಕೊಂಡಿದ್ದ ಜಿಮ್ ಮಾರ್ಷಲ್ ಅವರು, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ತಂತ್ರಜ್ಞರ ನೆರವಿನಿಂದ, ಅದೇ ವಿನ್ಯಾಸವನ್ನು ಹೆಚ್ಚುಕಡಮೆ ಯಥಾವತ್ತಾಗಿ ಅನುಸರಿಸಿ ಜೆಟಿಎಂ45 ಎಂಬ ಯಂತ್ರವನ್ನು ಕಟ್ಟಿಸಿದರು. ವಿನ್ಯಾಸ ಅಮೆರಿಕದ್ದಾದರೂ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಸುಲಭವಾಗಿ ದೊರೆಯುವಂಥವಾಗಿರಬೇಕಾಗಿತ್ತು. ಆದುದರಿಂದ ರೇಡಿಯೋಸ್ಪೇರ್ಸ್ ಎಂಬ ವ್ಯಾಪಾರಸಂಸ್ಥೆಯ, ಗಿಟಾರನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಸಾಮಾನ್ಯೋಪಯೋಗಕ್ಕೆಂದು ಮಾಡಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಮೊದಲ ಯಂತ್ರಗಳಲ್ಲಿ ಬಂದು ಕೂತಿತು. ಒಂದೇ ನಕ್ಷೆಯಿಂದ ಹುಟ್ಟಿದ ಈ ಎರಡು ಯಂತ್ರಗಳ ನಾದ ಒಂದೇ ಅಲ್ಲ. ಬ್ಯಾಸ್‌ಮನ್ನಿನದು ತೆರೆದ, ಮಿಂಚುಳ್ಳ ನಾದ, ಮಾರ್ಷಲ್ಲಿನದು ದಪ್ಪನಾದ, ಮುಂದಕ್ಕೆ ನುಗ್ಗುವ ನಾದ. ಈ ಭೇದಕ್ಕೆ ಇಂಗ್ಲಿಷ್ ಕಬ್ಬಿಣವೇ ಕಾರಣವೆಂಬ ಮಾತು ಆಂಪ್ಲಿಫೈಯರ್ ಪ್ರಿಯರಲ್ಲಿ ಪುರಾಣದಂತೆ ಸಾಗಿಬಂದಿದೆ.

ಪುರಾಣವನ್ನು ಪಕ್ಕಕ್ಕಿಟ್ಟು ಬದಲಾದುದೇನೇನೆಂದು ನೋಡೋಣ. ಬ್ಯಾಸ್‌ಮನ್ನಿನ ವಾಲ್ವುಗಳು ಕಾಣುತ್ತಿದ್ದ ಹೊರೆ ಸುಮಾರು 4,000 ಓಂ. ಮಾರ್ಷಲ್ಲಿನಲ್ಲಿ ಅದು 6,600ರಿಂದ 8,000 ಓಂವರೆಗೆ ಏರಿತು. ಇದು ನಿಜವಾಗಿ ಟ್ರಾನ್ಸ್‌ಫಾರ್ಮರಿನ ಕೃತ್ಯ. ಆದರೆ ಮೊದಲ ಹಂತದಲ್ಲಿದ್ದ 12ಎವೈ7 ವಾಲ್ವು ಹೋಗಿ ಇಸಿಸಿ83 ಬಂದಿತು. ಮೊದಲನೆಯದರ ವರ್ಧನಾಂಕ ನಲವತ್ತನಾಲ್ಕರ ಆಸುಪಾಸಾದರೆ ಎರಡನೆಯದರದು ನೂರು. ಶಕ್ತಿವಾಲ್ವುಗಳಾದ 5881ರ ಬದಲು ಸ್ವಲ್ಪ ಕಾಲದಲ್ಲಿಯೇ ಇಂಗ್ಲೆಂಡಿನ ಕೆಟಿ66 ಬಂದವು. ಹಿಂಬದಿ ತೆರೆದಿದ್ದ ಪೆಟ್ಟಿಗೆಯಲ್ಲಿ ನಾಲ್ಕು 10 ಅಂಗುಲದ ಜೆನ್ಸನ್ ಸ್ಪೀಕರುಗಳಿದ್ದೆಡೆ, ಹಿಂಬದಿ ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು 12 ಅಂಗುಲದ ಸೆಲೆಶನ್ ಸ್ಪೀಕರುಗಳು ನಿಂತವು. ಇಷ್ಟನ್ನೂ ಬದಲಿಸಿ ಹೊಸ ನಾದದ ಕೀರ್ತಿಯನ್ನು ಟ್ರಾನ್ಸ್‌ಫಾರ್ಮರಿಗೊಂದಕ್ಕೇ ಕಟ್ಟುವುದು, ವೀಣೆಯ ತಂತಿ, ಕುದುರೆ, ಮೇಳಗಳನ್ನೆಲ್ಲ ಹೊಸದಾಗಿಸಿ ಬಂದ ನಾದವನ್ನು ಸೋರೆಬುರುಡೆಗೆ ಆರೋಪಿಸಿದಂತೆ.

ಇದಕ್ಕಿಂತ ಸೂಕ್ಷ್ಮವಾದ, ಬಹುಮಂದಿ ಗಮನಿಸದೆ ದಾಟಿಹೋಗುವ ಇನ್ನೊಂದು ವ್ಯತ್ಯಾಸವುಂಟು. ಎರಡು ಯಂತ್ರಗಳಲ್ಲಿಯೂ, ಸ್ಪೀಕರಿಗೆ ಹೋಗುವ ಸಂಕೇತದ ಅಲ್ಪಾಂಶವನ್ನು 27,000 ಓಂ ರೆಸಿಸ್ಟರಿನ ಮೂಲಕ ಹಿಂದಿನ ಹಂತಕ್ಕೆ ವಿರುದ್ಧ ದಿಕ್ಕಿನಲ್ಲಿ ಮರಳಿಸಿ, ಯಂತ್ರವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವಂತೆ ಏರ್ಪಡಿಸಿದೆ. ಋಣ ಫೀಡ್‌ಬ್ಯಾಕ್ ಎನ್ನುವುದು ಇದಕ್ಕೇ. ಬ್ಯಾಸ್‌ಮನ್ನಿನಲ್ಲಿ ಈ ಅಂಶವನ್ನು ತೆಗೆದುಕೊಳ್ಳುವುದು 2 ಓಂ ಸೆಕೆಂಡರಿಯಿಂದ, ಹಲವು ಮಾರ್ಷಲ್ ಯಂತ್ರಗಳಲ್ಲಿ 16 ಓಂ ಕೊನೆಯಿಂದ. 40 ವಾಟ್ ಶಕ್ತಿ ಹರಿಯುವಾಗ 2 ಓಂ ಸ್ಪೀಕರಿನ ಮೇಲೆ ಇರುವುದು 9 ವೋಲ್ಟ್. 16 ಓಂ ಸ್ಪೀಕರಿನ ಮೇಲೆ 25 ವೋಲ್ಟ್. ರೆಸಿಸ್ಟರು ಅದೇ ಇದ್ದರೂ ಹಿಂದಕ್ಕೆ ಮರಳುವ ಅಂಶ ಹತ್ತಿರ ಹತ್ತಿರ ಮೂರು ಪಟ್ಟಾಯಿತು. ಫೀಡ್‌ಬ್ಯಾಕ್ ಹೆಚ್ಚಿದಂತೆ ಯಂತ್ರದ ಹಿಡಿತ ಬಿಗಿಯಾಗುತ್ತದೆ, ಸ್ಪೀಕರಿನ ಸ್ವೇಚ್ಛೆ ಕುಗ್ಗುತ್ತದೆ, ಶುದ್ಧನಾದದಿಂದ ವಿಕೃತಿಗೆ ದಾಟುವ ಗಡಿ ಥಟ್ಟನೆ ಎದುರಾಗುತ್ತದೆ. ಟ್ರಾನ್ಸ್‌ಫಾರ್ಮರನ್ನು ಬದಲಿಸಿದ ಮಹನೀಯರು ಈ ಬಿಗಿಯನ್ನು ಕೇಳಿ ಹೊಸ ಕಬ್ಬಿಣದ ಗಾಂಭೀರ್ಯವೆಂದು ಬಗೆದರೆ ಆಶ್ಚರ್ಯವಿಲ್ಲ. ಆದರೆ ಆ ರೆಸಿಸ್ಟರನ್ನು 75,000 ಓಂಗಳ ಆಸುಪಾಸಿಗೆ ಏರಿಸಿದರೆ, ಎಂದರೆ ಕೆಲವೇ ರೂಪಾಯಿಗಳ ಖರ್ಚಿನಲ್ಲಿ, ಆ ಗಾಂಭೀರ್ಯದ ಬಹುಭಾಗ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮಾರ್ಷಲ್ ಸಂಸ್ಥೆಯವರೇ ಮುಂದಿನ ಯಂತ್ರಗಳಲ್ಲಿ ಇದೇ ಸ್ಥಾನದಲ್ಲಿ 47,000, 1,00,000 ಓಂಗಳ ರೆಸಿಸ್ಟರುಗಳನ್ನು ಬಳಸಿದರು.

ತಿರುಳಿನ ವಿಚಾರಕ್ಕೆ ಬರೋಣ. ಕಬ್ಬಿಣದ ತಿರುಳು ಒಂದು ಮಿತಿಯವರೆಗೆ ಮಾತ್ರ ಕಾಂತಾಭಿವಾಹವನ್ನು ಹೊರಬಲ್ಲುದು. ಮಿತಿ ಮೀರಿದರೆ ಸಂತೃಪ್ತವಾಗಿ, ಪ್ರೇರಕತೆ ಕುಸಿದು, ಅಲೆ ವಿಕಾರಗೊಳ್ಳುತ್ತದೆ. ಈ ವಿಕಾರವೇ ಹಳೆಯ ಆಂಪ್ಲಿಫೈಯರುಗಳ ಮಾಧುರ್ಯದ ಗುಟ್ಟೆಂದು ಹೇಳುವವರುಂಟು. ಆದರೆ ಒಂದೇ ವೋಲ್ಟೇಜಿಗೆ ಅಭಿವಾಹವು ಆವೃತ್ತಿಗೆ ವಿಲೋಮವಾಗಿ ನಡೆಯುತ್ತದೆಂಬ ನಿಯಮವನ್ನು ಅವರು ಮರೆಯುತ್ತಾರೆ. ಗಿಟಾರಿನ ಅತ್ಯಂತ ಕೆಳಗಿನ ತಂತಿಯ ಆವೃತ್ತಿ 82 ಹರ್ಟ್ಸ್, ಬ್ಯಾಸ್ ಗಿಟಾರಿನದು 41. ಬ್ಯಾಸ್‌ಮನ್ನಿನ ಟ್ರಾನ್ಸ್‌ಫಾರ್ಮರು 41 ಹರ್ಟ್ಸಿನ ಹೊರೆಯನ್ನು ಹೊರುವುದಕ್ಕೆಂದು ನಿರ್ಮಿತವಾದುದು. ಅದರಲ್ಲಿ ಗಿಟಾರನ್ನು ನುಡಿಸಿದರೆ ಅತಿಮಂದ್ರದಲ್ಲಿಯೂ ಅದರ ತಿರುಳಿಗೆ ಅರ್ಧದಷ್ಟೇ ದುಡಿಮೆ. ಅಂಥ ಯಂತ್ರದಲ್ಲಿ ನಾವು ಕೇಳಿ ಮೆಚ್ಚುವ ವಿಕೃತಿ ವಾಲ್ವುಗಳದು, ಸ್ಪೀಕರಿನದು. ಕಬ್ಬಿಣ ಅಲ್ಲಿ ನಿರ್ದೋಷಿ. ಇದಕ್ಕೆ ವ್ಯತಿರಿಕ್ತವಾಗಿ, ಫೆಂಡರ್ ಚಾಂಪಿನಂಥ 5 ವಾಟಿನ, ಒಂದೇ 6ವಿ6 ವಾಲ್ವಿನ ಪುಟ್ಟ ಯಂತ್ರದಲ್ಲಿ, ಎರಡು ವಾಲ್ವುಗಳ ನೇರ ಕರೆಂಟುಗಳು ಒಂದನ್ನೊಂದು ರದ್ದುಗೊಳಿಸುವ ಅನುಕೂಲವಿಲ್ಲದುದರಿಂದ, ಆ ಕರೆಂಟು ಸದಾ ತಿರುಳನ್ನು ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಅದನ್ನು ತಾಳಿಕೊಳ್ಳಲೆಂದೇ ತಿರುಳಿನಲ್ಲಿ ಗಾಳಿಯ ಬಿರುಕೊಂದನ್ನು ಬಿಟ್ಟಿರುತ್ತಾರೆ. ಇಂಥಲ್ಲಿ ಟ್ರಾನ್ಸ್‌ಫಾರ್ಮರಿನ ಗಾತ್ರ ಕೇಳಿಸುತ್ತದೆ, ಅದರಲ್ಲಿ ಸಂದೇಹವಿಲ್ಲ. ದೊಡ್ಡದನ್ನು ಹಾಕಿದರೆ ಮಂದ್ರ ತುಂಬುತ್ತದೆ; ತುಂಬಿದ ಮಂದ್ರವನ್ನು ಆ 8 ಅಂಗುಲದ ಸ್ಪೀಕರು ಏನು ಮಾಡೀತೆಂಬುದು ಬೇರೆ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಒಳ್ಳೆಯ ಟ್ರಾನ್ಸ್‌ಫಾರ್ಮರಿನ ಮೇಲಣ ಭಕ್ತಿ ಗಿಟಾರ್ ವಾದಕರ ಈ ನಂಬಿಕೆಗಿಂತ ಹಳೆಯದು. 1947ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ವಿಲಿಯಮ್‌ಸನ್ ಎಂಬವರು ಪ್ರಕಟಿಸಿದ, ಕೆಟಿ66 ವಾಲ್ವುಗಳ ಆಂಪ್ಲಿಫೈಯರು ಧ್ವನಿಯ ಶುದ್ಧ ಪುನರುತ್ಪಾದನೆಗೆ ಮೀಸಲಾದುದು. ಅದರಲ್ಲಿ ಫೀಡ್‌ಬ್ಯಾಕ್ ವಿಪುಲವಾಗಿದ್ದುದರಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಅಸಾಧಾರಣವಾಗಿರಬೇಕಾಗಿತ್ತು, ಇಲ್ಲವಾದರೆ ಯಂತ್ರ ತನ್ನಷ್ಟಕ್ಕೆ ತಾನೇ ಕೂಗಿಕೊಳ್ಳುವ ಅಪಾಯವಿತ್ತು. ಅಂಥ ಟ್ರಾನ್ಸ್‌ಫಾರ್ಮರುಗಳಿಗೆ ಹೆಸರಾದ ಪಾರ್ಟ್ರಿಜ್ ಸಂಸ್ಥೆಯವು ಮುಂದೆ ಹೈವಾಟ್ ಗಿಟಾರ್ ಆಂಪ್ಲಿಫೈಯರುಗಳಿಗೂ ಬಂದವು. ಹೈವಾಟಿನ ಸ್ಥಿರವಾದ, ನಿರ್ಮಲವಾದ ನಾದದಲ್ಲಿ ಅವುಗಳಿಗೆ ಪಾಲಿದೆಯೆಂದು ಒಪ್ಪಬಹುದು. ಆದರೆ ಗಿಟಾರಿನ ಸ್ಪೀಕರು 5,000 ಹರ್ಟ್ಸ್ ದಾಟುತ್ತಲೇ ಬಾಡಿಹೋಗುವಂಥದು; 20,000ದವರೆಗೆ ಚಾಚುವ ಸುರುಳಿಗೆ ಹಣ ತೆತ್ತವನು ಆ ಹಣದ ಬಹುಭಾಗವನ್ನು ಕೇಳಲಾರನು. ವಿಪುಲ ಫೀಡ್‌ಬ್ಯಾಕಿನ ಇನ್ನೊಂದು ತುದಿ ವಾಕ್ಸ್ ಎಸಿ30 ಆಂಪ್ಲಿಫೈಯರು. ಅದರಲ್ಲಿ ಋಣ ಫೀಡ್‌ಬ್ಯಾಕೇ ಇಲ್ಲ. ತಿದ್ದುವವರಿಲ್ಲದೆಡೆ ಟ್ರಾನ್ಸ್‌ಫಾರ್ಮರಿನ ಗುಣದೋಷಗಳೂ ಸ್ಪೀಕರಿನ ಗುಣದೋಷಗಳೂ ನೇರವಾಗಿ ಕಿವಿಗೆ ಬರುತ್ತವೆ. ಆದುದರಿಂದ ಕಬ್ಬಿಣವನ್ನು ಬದಲಿಸಿ ಭೇದವನ್ನು ಕೇಳಿದೆನೆಂದು ಎಸಿ30ರ ಒಡೆಯನು ಹೇಳಿದರೆ ಅವನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇಂದು ಜನಪ್ರಿಯವಾಗಿರುವ ಬದಲಾವಣೆಗಳಲ್ಲೊಂದೆಂದರೆ 22 ವಾಟಿನ ಫೆಂಡರ್ ಡೀಲಕ್ಸ್ ರಿವರ್ಬಿಗೆ ಅದರಣ್ಣಂದಿರಾದ ದೊಡ್ಡ ಯಂತ್ರಗಳ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಹಾಕುವುದು. ಮೂಲದಲ್ಲಿ ಅದರ 6ವಿ6 ವಾಲ್ವುಗಳಿಗೆ ಕಾಣುವ ಹೊರೆ 6,600 ಓಂ. 4 ಓಂ ಸ್ಪೀಕರಿಗೆಂದು ಮಾಡಿದ, 4,200 ಓಂ ಪ್ರೈಮರಿಯ ಟ್ರಾನ್ಸ್‌ಫಾರ್ಮರಿಗೆ ಇದರ 8 ಓಂ ಸ್ಪೀಕರನ್ನು ಸೇರಿಸಿದಾಗ ಹೊರೆ ಇಮ್ಮಡಿಯಾಗಿ 8,400 ಓಂ ಆಗುತ್ತದೆ. ವಾಲ್ವುಗಳಿಗೆ ಇದರಿಂದ ತೊಂದರೆಯಿಲ್ಲ. ಮಂದ್ರ ಬಿಗಿಯಾಗಿ ನಿಲ್ಲುತ್ತದೆ, ಜೋರಾಗಿ ನುಡಿಸಿದಾಗಲೂ ಸ್ವರದ ಬುಡ ಕದಲುವುದಿಲ್ಲ. ಇದನ್ನು ಉತ್ತಮಿಕೆಯೆಂದು ಕರೆಯುವವರೊಡನೆ ನನಗೆ ಜಗಳವಿಲ್ಲವಾದರೂ ಸಮ್ಮತಿಯಿಲ್ಲ. ಆ ಪುಟ್ಟ ಟ್ರಾನ್ಸ್‌ಫಾರ್ಮರು ಮಂದ್ರದಲ್ಲಿ ಸ್ವಲ್ಪ ಸೋಲುವುದರಿಂದಲೇ, ಯಂತ್ರವನ್ನು ಏರಿಸಿದಾಗ ಕೆಳಸ್ವರಗಳು ಕೆಸರಾಗದೆ ಹಿಂದೆ ಸರಿದು ಮಧ್ಯಸ್ವರಗಳಿಗೆ ಎಡೆಗೊಡುತ್ತವೆ. ಒಂದೇ 12 ಅಂಗುಲದ ಸ್ಪೀಕರಿರುವ ಪೆಟ್ಟಿಗೆಗೆ ಅದು ತಕ್ಕ ಸಂಯಮ. ಬಿಗಿಯಾದ ಮಂದ್ರ ಬೇಕಾದವರು ಮೊದಲು ಸ್ಪೀಕರನ್ನು ಬದಲಿಸಿ ನೋಡುವುದು ಮೇಲು, ಏಕೆಂದರೆ 8 ಓಂ ಎಂದು ಬರೆದ ಸ್ಪೀಕರು ತನ್ನ ಅನುರಣನದ ಆವೃತ್ತಿಯಲ್ಲಿ ಅದರ ಹಲವು ಪಟ್ಟು ಓಂಗಳನ್ನು ತೋರಿಸುತ್ತದೆ. ವಾಲ್ವುಗಳಿಗೆ ಕಾಣುವ ಹೊರೆಯಲ್ಲಿ ಇದರಿಂದಾಗುವ ಏರಿಳಿತದ ಮುಂದೆ ಎರಡು ಟ್ರಾನ್ಸ್‌ಫಾರ್ಮರುಗಳ ನಡುವಣ ಭೇದ ಅಲ್ಪ.

ಹಾಗೂ ಬದಲಿಸಲೇಬೇಕೆಂದರೆ, ತೆಗೆದುದರ ಮತ್ತು ಹಾಕಿದುದರ ಸುತ್ತಿನ ಅನುಪಾತವನ್ನಾದರೂ ತಿಳಿದಿರಬೇಕು. ಯಂತ್ರದಿಂದ ಬಿಡಿಸಿದ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ 1 ವೋಲ್ಟ್ ಎಸಿ ಕೊಟ್ಟು ಪ್ರೈಮರಿಯಲ್ಲಿ ಎಷ್ಟು ಬಂದಿತೆಂದು ಮೀಟರಿನಲ್ಲಿ ನೋಡಿದರೆ ಸಾಕು. ಹೊಸದನ್ನು ಸೇರಿಸುವಾಗ ಪ್ರೈಮರಿಯ ಎರಡು ತಂತಿಗಳು ಅದಲುಬದಲಾದರೆ ಋಣ ಫೀಡ್‌ಬ್ಯಾಕು ಧನವಾಗಿ ಯಂತ್ರ ಅರಚುತ್ತದೆ. ಅದು ಹೊಸ ನಾದವಲ್ಲ, ತಂತಿಗಳನ್ನು ತಿರುಗಿಸಬೇಕೆಂಬ ಸೂಚನೆ. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದೆಂಬುದನ್ನು ಅರಿಯದವನು ಪೆಟ್ಟಿಗೆಯನ್ನೇ ತೆರೆಯಬಾರದು. ಬೆಸುಗೆಯ ಕೆಲಸ ಮುಗಿಯುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಕಿವಿಯ ನೆನಪು ಅಷ್ಟು ದೀರ್ಘವಾದುದಲ್ಲ. ಅದರ ಮೇಲೆ ಹೊಸದು ಒಂದು ಡೆಸಿಬೆಲ್ ಗಟ್ಟಿಯಾಗಿದ್ದರೂ ನಮಗೆ ಅದು ಶ್ರೇಷ್ಠವಾಗಿ ಕೇಳಿಸುತ್ತದೆ, ಹಣ ತೆತ್ತವರಿಗೆ ಇನ್ನೂ ಶ್ರೇಷ್ಠವಾಗಿ. ಬದಲಿಸುವ ಮುನ್ನ ಮತ್ತು ಬದಲಿಸಿದ ಮೇಲೆ ಒಂದೇ ಗತಿಯನ್ನು ಒಂದೇ ಮೈಕಿನ ಮುಂದೆ ನುಡಿಸಿ, ಧ್ವನಿಮುದ್ರಣಗಳ ಮಟ್ಟವನ್ನು ಸಮಗೊಳಿಸಿ ಕೇಳಿದವರ ತೀರ್ಪನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಪವರ್ ಟ್ರಾನ್ಸ್‌ಫಾರ್ಮರಿನ ಮಾತು ಚಿಕ್ಕದು. ಅದು ಕೊಡುವ ವೋಲ್ಟೇಜು ನೂರಕ್ಕೆ ಹತ್ತು ಹೆಚ್ಚಾದರೆ ಶಕ್ತಿ ನೂರಕ್ಕೆ ಇಪ್ಪತ್ತೊಂದು ಹೆಚ್ಚೀತು; ಕಿವಿಗೆ ಅದು ಒಂದು ಡೆಸಿಬೆಲ್ಲೂ ಆಗದು. ಹೊಡೆತ ಬಿದ್ದೊಡನೆ ವೋಲ್ಟೇಜು ಕುಗ್ಗಿ ಮತ್ತೆ ಚೇತರಿಸಿಕೊಳ್ಳುವ, ವಾದಕರು ಮೆಚ್ಚುವ ಆ ಜಗ್ಗುವಿಕೆಯಲ್ಲಿ ಸುರುಳಿಯ ರೋಧಕ್ಕೆ ಪಾಲಿದ್ದರೂ, ರೆಕ್ಟಿಫೈಯರ್ ವಾಲ್ವಿನ ಪಾಲು ಸಾಮಾನ್ಯವಾಗಿ ಹೆಚ್ಚು. ಆದರೆ ಅಮೆರಿಕದಿಂದ ಹಳೆಯ ಯಂತ್ರವನ್ನು ತಂದು ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ನುಡಿಸುವವರಿಗೆ ಈ ಟ್ರಾನ್ಸ್‌ಫಾರ್ಮರಿನ ವಿಚಾರ ನಾದಕ್ಕಿಂತ ಮುಂಚಿತವಾದುದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು ನಮ್ಮ 230 ವೋಲ್ಟನ್ನು 120ಕ್ಕೆ ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60ಕ್ಕೆ ಏರಿಸುವುದಿಲ್ಲ. 60ಕ್ಕೆಂದೇ ಕೈಬಿಗಿದು ಮಾಡಿದ ತಿರುಳು ಇಲ್ಲಿ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಅಭಿವಾಹವನ್ನು ಹೊತ್ತು ಕಾಯುತ್ತದೆ, ಗುಂಯ್‌ಗುಟ್ಟುತ್ತದೆ. ಅಂಥವರು 230 ವೋಲ್ಟ್, 50 ಹರ್ಟ್ಸಿಗೆ ಸರಿಯಾದ ಪವರ್ ಟ್ರಾನ್ಸ್‌ಫಾರ್ಮರೊಂದನ್ನು ಸುತ್ತಿಸಿ ಹಾಕಿಕೊಳ್ಳುವುದು ಯುಕ್ತ. ಅದು ಕೊಡುವ ಹೈವೋಲ್ಟೇಜು ಮೂಲದಷ್ಟೇ ಇದ್ದು, ಹೀಟರುಗಳಿಗೆ 6.3 ವೋಲ್ಟು ತಪ್ಪದೆ ಸಿಕ್ಕುವಂತೆ ನೋಡಿಕೊಂಡರೆ ಆಯಿತು.