‘ಅಡ್ಡ ಪರಿಣಾಮ’ ಎಂಬ ಮಾತು: ಅಂಗಕಸಿಯ ರೋಗಿಗಳ ಬಾಯಿಯನ್ನು ಕುರಿತು

ಬದಲಿ ಅಂಗವನ್ನು ಪಡೆದವರು ಅದು ತಿರಸ್ಕೃತವಾಗದಿರಲೆಂದು ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧಗಳನ್ನು ಸಾಮಾನ್ಯವಾಗಿ ಜೀವಮಾನವಿಡೀ ಸೇವಿಸಬೇಕಾಗುತ್ತದೆ. ಇದರಿಂದ ಬಾಯಿಯಲ್ಲಿ ತಲೆದೋರುವ ತೊಂದರೆಗಳನ್ನೆಲ್ಲ ‘ಅಡ್ಡ ಪರಿಣಾಮ’ವೆಂಬ ಒಂದೇ ಶೀರ್ಷಿಕೆಯ ಕೆಳಗೆ ಪಟ್ಟಿಮಾಡುವುದುಂಟು. ಈ ರೂಢಿ ಬೋಧನೆಗೆ ಅನುಕೂಲವಾಗಿರಬಹುದು. ವಿಚಾರಕ್ಕೆ ಅನುಕೂಲವಲ್ಲವೆಂಬುದು ನಮ್ಮ ಅಭಿಪ್ರಾಯ.

ನಾಲಗೆ, ಅಂಗುಳಗಳ ಮೇಲೆ ಹರಡುವ ಕ್ಯಾಂಡಿಡಾ ಶಿಲೀಂಧ್ರ, ಮರುಕಳಿಸುವ ಹರ್ಪಿಸ್ ಹುಣ್ಣು, ತುಟಿಯ ಕ್ಯಾನ್ಸರ್—ಇವು ಅಡ್ಡವಾಗಿ ಬಂದವುಗಳಲ್ಲ. ಕಸಿಯ ಅಂಗವನ್ನು ಪರಕೀಯವೆಂದು ಗುರುತಿಸುವ ಶಕ್ತಿಯೇ ಶಿಲೀಂಧ್ರವನ್ನೂ ವೈರಸ್ಸನ್ನೂ ದಾರಿತಪ್ಪಿದ ಜೀವಕೋಶವನ್ನೂ ಹದ್ದುಬಸ್ತಿನಲ್ಲಿಡುತ್ತದೆ. ಆದುದರಿಂದ ಇವು ಔಷಧದ ಮುಖ್ಯ ಪರಿಣಾಮದ ಇನ್ನೊಂದು ಮುಖ. ತುಟಿಯ ವಿಷಯದಲ್ಲಿ ಬಿಸಿಲೂ ಕಾರಣವಾಗುತ್ತದೆ. ಅಜಥಯೋಪ್ರೀನ್ ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ.

ವಸಡಿನ ಅತಿಬೆಳವಣಿಗೆಯ ಸಂಗತಿ ಬೇರೆ. ನಾರ್ವೆಯ ಮಣ್ಣಿನಲ್ಲಿ ದೊರೆತ ಶಿಲೀಂಧ್ರವೊಂದರಿಂದ ಪಡೆದ ಸೈಕ್ಲೊಸ್ಪೊರಿನ್ ಔಷಧವನ್ನು ಕೇಂಬ್ರಿಜಿನ ರಾಯ್ ಕಾನ್ ಮತ್ತು ಅವರ ಸಂಗಡಿಗರು ಮೂತ್ರಪಿಂಡದ ಕಸಿಯಲ್ಲಿ ಬಳಸಿದ ವರದಿ 1978ರಲ್ಲಿ ಪ್ರಕಟವಾಯಿತು. 1983ರ ವೇಳೆಗೆ ಅದನ್ನು ಸೇವಿಸುವವರ ವಸಡು ಹಲ್ಲುಗಳ ಮೇಲೆ ಬೆಳೆದುಬರುವುದೂ ವರದಿಯಾಗಿದ್ದಿತು. ಇಲ್ಲಿ ಔಷಧವು ವಸಡಿನ ಅಂಗಾಂಶದ ಮೇಲೆಯೇ ವರ್ತಿಸುತ್ತದೆ. ಟ್ಯಾಕ್ರೊಲಿಮಸ್ ನಿರೋಧಕ ಶಕ್ತಿಯನ್ನು ಬಲವಾಗಿ ಅಡಗಿಸಿದರೂ ವಸಡನ್ನು ಅಷ್ಟಾಗಿ ಬೆಳೆಸದಿರುವುದು ಈ ಭೇದಕ್ಕೆ ಸಾಕ್ಷಿ. ರಕ್ತದೊತ್ತಡಕ್ಕೆಂದು ಕೊಡುವ ನಿಫೆಡಿಪಿನ್ ಜೊತೆಗೂಡಿದರೆ ಬೆಳವಣಿಗೆ ಹೆಚ್ಚುತ್ತದೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದ್ದರೆ ಮತ್ತೂ ಹೆಚ್ಚುತ್ತದೆ. ‘ಅಡ್ಡ ಪರಿಣಾಮ’ವೆಂಬ ಹೆಸರು ಸಲ್ಲುವುದು ಇಂಥದಕ್ಕೆ.

ಈ ವಿಂಗಡಣೆ ಬರಿಯ ಪಾಂಡಿತ್ಯವಲ್ಲ. ಮೊದಲ ಬಗೆಯ ತೊಂದರೆಗಳನ್ನು ಔಷಧ ಬದಲಿಸಿದ ಮಾತ್ರಕ್ಕೆ ಕಳೆಯಲಾಗದು, ಏಕೆಂದರೆ ಬದಲಿಗೆ ಬರುವುದೂ ಅದೇ ಶಕ್ತಿಯನ್ನು ಅಡಗಿಸಬೇಕು. ಅಲ್ಲಿ ಬೇಕಾದುದು ಎಚ್ಚರ, ತುಟಿ ನಾಲಗೆಗಳ ನಿಯತ ಪರೀಕ್ಷೆ, ಸಕಾಲದ ಚಿಕಿತ್ಸೆ. ಎರಡನೆಯದರಲ್ಲಿ ದಂತಶುದ್ಧಿಯಿಂದ ಬಹಳಷ್ಟು ಸಾಧ್ಯ. ಸಾಲದಿದ್ದರೆ ಕಸಿಯ ವೈದ್ಯರೇ ಔಷಧವನ್ನು ಬದಲಿಸಬಹುದು.

ಮೂತ್ರಪಿಂಡ ಉಳಿದಿರುವಾಗ ವಸಡಿನ ಚಿಂತೆಯೇಕೆಂದು ಕೆಲವರು ಕೇಳಬಹುದು. ಮುಖ ವಿಕಾರವಾಯಿತೆಂದು ನೊಂದು ಮಾತ್ರೆಯನ್ನು ಗುಟ್ಟಾಗಿ ಬಿಡುವ ಎಳೆಯ ರೋಗಿಗಳುಂಟು. ಮಾತ್ರೆ ತಪ್ಪಿದರೆ ಕಸಿಯೂ ಕೈತಪ್ಪಬಹುದು. ಬಾಯಿಯ ದೂರನ್ನು ಅಡ್ಡವೆಂದು ಬದಿಗಿಟ್ಟವರು ಆಗ ಮೂತ್ರಪಿಂಡವನ್ನೂ ಉಳಿಸಿಕೊಳ್ಳಲಾರರು. ವಿದ್ಯಾರ್ಥಿಗಳು ಪಟ್ಟಿಯನ್ನು ಕಂಠಪಾಠ ಮಾಡುವ ಮೊದಲು ಅದರಲ್ಲಿನ ಒಂದೊಂದು ತೊಂದರೆಯೂ ಯಾವ ದಾರಿಯಿಂದ ಬಂದಿತೆಂದು ಕೇಳಲು ಕಲಿಯಲಿ ಎಂಬುದಷ್ಟೇ ನಮ್ಮ ಸೂಚನೆ.