ಕತ್ತು ಹಿಡಿಯಿರಿ, ಭುಜ ಬಿಡಿ

‘ತ್ರೀ ನಾಟ್ ತ್ರೀ’ ಎಂದ ಕೂಡಲೇ ನಮ್ಮವರ ಕಣ್ಮುಂದೆ ಬರುವುದು ಪೊಲೀಸ್ ಪೇದೆಯ ಹೆಗಲ ಮೇಲಿದ್ದ ಆ ಮರದ ಹಿಡಿಯ ಭಾರದ ರೈಫಲ್. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಹವ್ಯಾಸಿಗಳು ಈಗಲೂ ಅದೇ ಲೀ-ಎನ್‌ಫೀಲ್ಡ್ ಹಿಡಿದು ಗುರಿ ಅಭ್ಯಾಸಕ್ಕೆ ಹೋಗುತ್ತಾರೆ. ಗುಂಡು ಹಾರಿದ ಮೇಲೆ ಉಳಿದ ಹಿತ್ತಾಳೆ ಕೇಸನ್ನು ಮನೆಗೆ ತಂದು, ಸರಿಪಡಿಸಿ, ಮತ್ತೆ ತೋಟಾ ಮಾಡಿಕೊಳ್ಳುತ್ತಾರೆ. (ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕೇ ಬೇಕು.) ಆ ಇಡೀ ಕೆಲಸದಲ್ಲಿ ನನಗೆ ಹೆಚ್ಚು ರುಚಿಸುವುದು ಕೇಸನ್ನು ಮತ್ತೆ ಅಳತೆಗೆ ತರುವ ಹಂತ. ಅಲ್ಲಿ ನನ್ನ ಪಕ್ಷ ಸ್ಪಷ್ಟ: ಎಷ್ಟು ಕಡಿಮೆ ಒತ್ತಿದರೆ ಅಷ್ಟು ಒಳ್ಳೆಯದು.

ಮದ್ದು ಉರಿದಾಗ, ತೋಟಾ ಕೂರುವ ಚೇಂಬರಿನೊಳಗೆ ಚದರ ಇಂಚಿಗೆ 40,000 ಪೌಂಡಿಗೂ ಮೀರಿದ ಒತ್ತಡ ಹುಟ್ಟುತ್ತದೆ. ಹಿತ್ತಾಳೆ ಉಬ್ಬಿ ಗೋಡೆಗೆ ಅಂಟಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದಾಗ ಕೂದಲೆಳೆಯಷ್ಟು ಕುಗ್ಗಿ ಸಡಿಲವಾಗುತ್ತದೆ. ಹೊರಬರುವ ಕೇಸು ಆ ರೈಫಲ್ಲಿನ ಚೇಂಬರಿನ ಪಡಿಯಚ್ಚು. ಕತ್ತು ಮಾತ್ರ ಅಗಲವಾಗಿ, ಹೊಸ ಗುಂಡನ್ನು ಹಿಡಿದುಕೊಳ್ಳದಷ್ಟು ಸಡಿಲಾಗಿರುತ್ತದೆ. ಅದಕ್ಕೇ ಕೇಸನ್ನು ಒತ್ತಿ ಅಳತೆಗೆ ತರುವ ಉಕ್ಕಿನ ಅಚ್ಚು, ಅಂದರೆ ಡೈ; ಅದಕ್ಕೊಂದು ಪ್ರೆಸ್ಸು.

.303ರ ತಾಪತ್ರಯವೇ ಬೇರೆ. 1888ರ ಈ ತೋಟಾಕ್ಕೆ ಬುಡದಲ್ಲಿ ಅಂಚು ಇದೆ. ಚೇಂಬರಿನಲ್ಲಿ ಅದನ್ನು ತಡೆದು ನಿಲ್ಲಿಸುವುದು ಆ ಅಂಚೇ. ಕತ್ತಿನ ಕೆಳಗಿನ ಇಳಿಜಾರು, ಅಂದರೆ ಭುಜ, ಎಲ್ಲಿಗೂ ತಾಗಬೇಕಾಗಿಲ್ಲ. ಕೆಸರು ಮೆತ್ತಿದ ತೋಟಾವೂ ಒಳಹೋಗಲೆಂದು ಸೇನೆಯ ಚೇಂಬರುಗಳನ್ನು ಧಾರಾಳವಾಗಿಯೇ ಕೊರೆದಿದ್ದರು. ಹೊಸ ಕೇಸು, ಹಾರಿಸಿದ ಕೇಸು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿ: ಹಾರಿಸಿದ್ದರ ಭುಜ ಬರಿಗಣ್ಣಿಗೇ ಕಾಣುವಷ್ಟು ಮೇಲೇರಿರುತ್ತದೆ.

ಕೇಸಿನ ಪೂರ್ತಿ ಮೈ ಒತ್ತುವ ಡೈ ಜೊತೆ ಬರುವ ಸೂಚನಾ ಚೀಟಿ, ಅದನ್ನು ಕೇಸು ಹಿಡಿಯುವ ಹೋಲ್ಡರಿಗೆ ತಾಗುವವರೆಗೂ ತಿರುಗಿಸಿ ಎನ್ನುತ್ತದೆ. ಹಾಗೆ ಮಾಡಿದರೆ ಭುಜ ಕಾರ್ಖಾನೆಯ ಅಳತೆಗೆ ಇಳಿಯುತ್ತದೆ, ಮುಂದಿನ ಹೊಡೆತಕ್ಕೆ ಮತ್ತೆ ಮೇಲೇರುತ್ತದೆ. ಆ ಎಳೆತವೆಲ್ಲ ಬೀಳುವುದು ಒಂದೇ ಜಾಗದ ಮೇಲೆ, ದಪ್ಪ ಬುಡದ ತುಸು ಮೇಲೆ. ಚೇಂಬರನ್ನು ಹಿಂದಿನಿಂದ ಮುಚ್ಚುವ ಲೀ-ಎನ್‌ಫೀಲ್ಡಿನ ಬೋಲ್ಟು ತನ್ನ ಹಿಂತುದಿಯಲ್ಲಿ ಬೀಗ ಹಾಕಿಕೊಳ್ಳುವುದರಿಂದ ಒತ್ತಡಕ್ಕೆ ಸ್ವಲ್ಪ ಜಗ್ಗುತ್ತದೆ. ಎಳೆತ ಇನ್ನೂ ಜಾಸ್ತಿ. ಕೆಲವೇ ಸುತ್ತುಗಳಲ್ಲಿ ಅಲ್ಲೊಂದು ಹೊಳೆಯುವ ಉಂಗುರ ಮೂಡುತ್ತದೆ. ಸಣ್ಣ ತಂತಿಯ ತುದಿ ಬಗ್ಗಿಸಿ ಕೇಸಿನ ಒಳಗೋಡೆಯ ಮೇಲೆ ಬುಡದಿಂದ ಮೇಲಕ್ಕೆ ಎಳೆಯಿರಿ. ತುದಿ ‘ಟಕ್’ ಎಂದು ಸಿಕ್ಕಿಕೊಂಡರೆ ಒಳಗೆ ಕೊರಕಲು ಬಿದ್ದಿದೆ ಎಂದರ್ಥ. ಆ ಕೇಸನ್ನು ಅಲ್ಲೇ ಜಜ್ಜಿ ಎಸೆಯಿರಿ. ಇಲ್ಲವಾದರೆ ಇನ್ನೊಂದು ಹೊಡೆತಕ್ಕೆ ಅದು ಎರಡು ತುಂಡಾಗಿ, ಮುಂದಿನ ಅರ್ಧ ಚೇಂಬರಿನಲ್ಲೇ ಉಳಿದು, ಬಿಸಿ ಅನಿಲ ಹಿಂದಕ್ಕೆ ಚಿಮ್ಮೀತು.

ಕತ್ತನ್ನಷ್ಟೇ ಒತ್ತುವ ಡೈ ಬಳಸಿದರೆ ಭುಜ ಇದ್ದಲ್ಲೇ ಇರುತ್ತದೆ. ಮುಂದಿನ ಸಲ ತೋಟಾ ಭುಜದ ಮೇಲೆಯೇ ನಿಲ್ಲುತ್ತದೆ, ಹಿಗ್ಗಲು ಎಡೆಯೇ ಇರುವುದಿಲ್ಲ. ಒಂದೇ ಷರತ್ತು: ಒಂದು ರೈಫಲ್ಲಿನ ಕೇಸು ಅದಕ್ಕೇ ಮೀಸಲು. ಹಲವು ಸುತ್ತಾದ ಮೇಲೆ ಬೋಲ್ಟು ಬಿಗಿಯತೊಡಗುತ್ತದೆ. ಆಗ ಪೂರ್ತಿ ಮೈಯ ಡೈ ಹಾಕಿ, ಎಳ್ಳಷ್ಟೆಳ್ಳಷ್ಟೇ ಕೆಳಗಿಳಿಸುತ್ತ, ಪ್ರತಿ ಸಲವೂ ಖಾಲಿ ಕೇಸನ್ನು ಚೇಂಬರಿಗೆ ಹಾಕಿ ಬೋಲ್ಟು ಮುಚ್ಚಿ ನೋಡಬೇಕು. ತಡೆಯಿಲ್ಲದೆ ಮುಚ್ಚಿತೋ, ಅಲ್ಲಿಗೆ ನಿಲ್ಲಿಸಿ. .308ರಂಥ ಅಂಚಿಲ್ಲದ ಕೇಸುಗಳಿಗೆ ಸ್ಪರ್ಧಾಳುಗಳು ಪ್ರತಿ ಸಲವೂ ಪೂರ್ತಿ ಡೈ ಬಳಸುತ್ತಾರೆ, ನಿಜ. ಆದರೆ ಅವರೂ ಅಳೆದು ಅಳೆದು, ಭುಜವನ್ನು ಇಂಚಿನ ಸಾವಿರದಲ್ಲಿ ಒಂದೆರಡು ಭಾಗಕ್ಕಿಂತ ಹೆಚ್ಚು ತಳ್ಳುವುದಿಲ್ಲ.

ಪೂರ್ತಿ ಡೈಗೆ ಜಿಡ್ಡು ಸವರಲೇಬೇಕು, ಲ್ಯಾನೊಲಿನ್ ಆದರೆ ಉತ್ತಮ. ಒಣಗಿದ ಕೇಸು ಡೈಯಲ್ಲಿ ಕಚ್ಚಿಕೊಂಡು ಅಂಚು ಹರಿಯುತ್ತದೆ. ಅತಿಯಾದರೆ ಜಿಡ್ಡು ಭುಜದ ಬಳಿ ಸೇರಿ ಹಳ್ಳ ಬೀಳುತ್ತದೆ.

ಮತ್ತೆ ಮತ್ತೆ ಒತ್ತಿದ ಹಿತ್ತಾಳೆ ಗಡುಸಾಗಿ ಕತ್ತಿನಲ್ಲಿ ಬಿರುಕು ಬಿಡುತ್ತದೆ. ಕಾಯಿಸಿ ಮೆತ್ತಗೆ ಮಾಡಬಹುದು, ಆದರೆ ಕತ್ತು ಮತ್ತು ಭುಜವನ್ನು ಮಾತ್ರ. ಅಷ್ಟು ಒತ್ತಡ ತಡೆಯುವ ಬುಡ ಗಡುಸಾಗಿಯೇ ಇರಬೇಕು. ಬುಡದವರೆಗೆ ಕಾದ ಕೇಸನ್ನು ಮತ್ತೆ ಗಟ್ಟಿ ಮಾಡುವ ದಾರಿ ಮನೆಯ ಮೇಜಿನ ಮೇಲಿಲ್ಲ. ಅದು ಗುಜರಿಗೇ ಹೋಗಬೇಕು.