ಕಳೆದುಹೋದವಳು ಯಾರು?

ಸಿ. ಪಿ. ಬೆಳ್ಳಿಯಪ್ಪನವರು ಇಂಗ್ಲಿಷಿನಲ್ಲಿ ಬರೆದಿರುವ ವಿಕ್ಟೋರಿಯಾ ಗೌರಮ್ಮನ ಜೀವನಚರಿತ್ರೆಯು ಅವಳನ್ನು ಶಿರೋನಾಮದಲ್ಲಿಯೇ ಕೊಡಗಿನ ‘ಕಳೆದುಹೋದ ರಾಜಕುಮಾರಿ’ ಎಂದು ಕರೆಯುತ್ತದೆ. ಚದುರಿದ ಸಂಗತಿಗಳನ್ನು ಒಂದೆಡೆ ತಂದ ಗ್ರಂಥಕರ್ತರ ಶ್ರಮ ಶ್ಲಾಘ್ಯವೇ. ಆ ವಿಶೇಷಣ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

1834ರಲ್ಲಿ ಪದಚ್ಯುತನಾದ ಚಿಕವೀರರಾಜೇಂದ್ರನಿಗೆ 1841ರಲ್ಲಿ ಕಾಶಿಯಲ್ಲಿ ಹುಟ್ಟಿದ ಈ ಮಗಳು 1852ರಲ್ಲಿ ತಂದೆಯೊಡನೆ ಇಂಗ್ಲೆಂಡನ್ನು ಸೇರಿ, ಅದೇ ವರ್ಷ ಕ್ರೈಸ್ತದೀಕ್ಷೆ ಪಡೆದು, ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾದಳು. ಅರಮನೆಗೆ ಬೇಕಾದ ಚಿತ್ರಕಾರ ವಿಂಟರ್‌ಹಾಲ್ಟರನು ಅವಳನ್ನು ಭಾರತೀಯ ಉಡುಗೆಯಲ್ಲಿ ಚಿತ್ರಿಸಿದನು. ಶಿಲ್ಪಿ ಮರೊಚೆಟ್ಟಿಯು 1856ರಲ್ಲಿ ಅವಳ ಎದೆಮಟ್ಟದ ಮೂರ್ತಿಯನ್ನು ಅಮೃತಶಿಲೆಯಲ್ಲಿ ಕಡೆದು, ಅದಕ್ಕೆ ಬಣ್ಣವನ್ನೂ ಸವರಿದನು. ಶಿಲೆಯನ್ನು ಬೆಳ್ಳಗೆಯೇ ಬಿಟ್ಟರೆ ಆ ಮುಖ ಯಾವ ದೇಶದ್ದೆಂದು ತಿಳಿಯದೆಂಬ ಶಂಕೆಯೇನೋ!

ಇಷ್ಟು ಜನರ ಕಣ್ಣು ತಪ್ಪದೆ ಬಾಳಿದವಳು ಕಳೆದುಹೋದವಳು ಹೇಗಾದಾಳು? ಕಳೆದುದು ಅವಳ ಮಾತು. ಅವಳ ನಡತೆಯ ವಿಷಯ ನಮಗೆ ಬಹುಮಟ್ಟಿಗೆ ತಿಳಿಯುವುದು ರಾಣಿಯ ಕಾಗದಗಳಿಂದ, ಪೋಷಕಿ ಲೇಡಿ ಲಾಗಿನ್ನಳ ನೆನಪುಗಳಿಂದ. ಸಾಕಿದವರಿಗೆ ವಿಚಿತ್ರವಾಗಿ ಕಂಡ ಸ್ವಭಾವವನ್ನೇ ಅವಳ ಸ್ವಭಾವವೆಂದು ಬರೆದುಬಿಡುವುದು ಚರಿತ್ರಕಾರನಿಗೆ ಸುಲಭದ ದಾರಿ. ಪಂಜಾಬಿನ ದುಲೀಪಸಿಂಗನಿಗೆ ಅವಳನ್ನು ಕೊಡಬೇಕೆಂದು ರಾಣಿ ಎಣಿಸಿದ್ದಳು, ಆತ ಒಪ್ಪಲಿಲ್ಲ. ಅವಳನ್ನು ಕೇಳಿದವರಾರು? 1860ರಲ್ಲಿ ತನಗಿಂತ ಬಹಳ ಹಿರಿಯನಾದ ಸೇನಾಧಿಕಾರಿ ಕ್ಯಾಂಪ್‌ಬೆಲ್ಲನ ಕೈಹಿಡಿದ ಗೌರಮ್ಮ, ಹೆಣ್ಣುಮಗುವೊಂದನ್ನು ಬಿಟ್ಟು, 1864ರಲ್ಲಿ ಇಪ್ಪತ್ತಮೂರು ತುಂಬುವ ಮುನ್ನವೇ ತೀರಿಕೊಂಡಳು.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಪಾಠಹೇಳುವ ಉಪಾಧ್ಯಾಯರು ಈ ಗ್ರಂಥವನ್ನೂ ಬಳಿಯಲ್ಲಿಟ್ಟುಕೊಳ್ಳಲಿ, ವಿಂಟರ್‌ಹಾಲ್ಟರನ ಚಿತ್ರದ ಪ್ರತಿಯೊಂದು ದೊರೆತರೆ ಅದನ್ನೂ ಮಕ್ಕಳಿಗೆ ತೋರಿಸಲಿ.